ಗಡಿ ದಾಟಿದರೂ ಮುಗಿಯದ ತೆರಿಗೆಯ ಲೆಕ್ಕ

ಪರದೇಶದಲ್ಲಿ ದುಡಿದು ಸ್ವದೇಶಕ್ಕೆ ಮರಳುವವರು ಹೊರಡುವ ಮುನ್ನ ಸಾಮಾನ್ಯವಾಗಿ ಮೂರು ಲೆಕ್ಕಗಳನ್ನು ಚುಕ್ತಾ ಮಾಡುತ್ತಾರೆ: ಮನೆಯ ಮಾಲೀಕನದು, ಉದ್ಯೋಗದಾತನದು, ಬ್ಯಾಂಕಿನದು. ನಾಲ್ಕನೆಯ ಲೆಕ್ಕ ತೆರಿಗೆಯದು. ಅದನ್ನು ಸಂಬಳದಲ್ಲೇ ಮುರಿದುಕೊಂಡಿದ್ದಾರೆ, ನಮಗಿನ್ನೇನು ಬಾಕಿ ಎಂಬುದು ಬಹುತೇಕರ ನಂಬಿಕೆ. ಚೀನಾದ ಮಟ್ಟಿಗೆ 2018ರವರೆಗೆ ಈ ನಂಬಿಕೆ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. 2019ರ ಜನವರಿ 1ರಿಂದ ಅದು ಸರಿಯಲ್ಲ. ಆ ದೇಶದ ಪರಿಷ್ಕೃತ ವೈಯಕ್ತಿಕ ಆದಾಯ ತೆರಿಗೆ ಕಾಯ್ದೆಯಡಿ ವಿದೇಶಿ ನೌಕರನ ಅಂತಿಮ ಲೆಕ್ಕ ಸಿದ್ಧವಾಗುವುದು ಅನೇಕ ವೇಳೆ ಅವನು ಆ ನೆಲವನ್ನು ಬಿಟ್ಟ ಮೇಲೆ. ಶಾಂಘೈ, ಶೆನ್‌ಜೆನ್‌ಗಳಲ್ಲಿ ದುಡಿದು ಬೆಂಗಳೂರಿಗೆ ಮರಳಿರುವ ಹಾಗೂ ಮರಳಲಿರುವ ನಮ್ಮ ತಂತ್ರಜ್ಞರು, ವ್ಯವಸ್ಥಾಪಕರು, ಅಧ್ಯಾಪಕರು ಈ ಬದಲಾವಣೆಯನ್ನು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಈ ಕಾಯ್ದೆಯ ಹುಟ್ಟಿನಲ್ಲೇ ವಿದೇಶಿಯರ ನಂಟಿದೆ. 1980ರ ಸೆಪ್ಟೆಂಬರಿನಲ್ಲಿ ಚೀನಾ ಮೊದಲ ಬಾರಿಗೆ ಆದಾಯ ತೆರಿಗೆ ಕಾಯ್ದೆಯನ್ನು ಅಂಗೀಕರಿಸಿದಾಗ ತಿಂಗಳಿಗೆ 800 ಯುವಾನ್‌ವರೆಗಿನ ಆದಾಯಕ್ಕೆ ವಿನಾಯಿತಿ ಇತ್ತು. ಅಷ್ಟು ಸಂಪಾದಿಸುವ ಚೀನೀ ಪ್ರಜೆಗಳು ಆಗ ವಿರಳ. ಆರ್ಥಿಕ ಸುಧಾರಣೆಯ ಬಾಗಿಲಿನಿಂದ ಒಳಬರುತ್ತಿದ್ದ ವಿದೇಶಿ ತಜ್ಞರೇ ಅದರ ಮುಖ್ಯ ಗುರಿಯಾಗಿದ್ದರು. 1994ರಲ್ಲಿ ಸ್ವದೇಶಿಯರಿಗೂ ವಿದೇಶಿಯರಿಗೂ ಒಂದೇ ಕಾಯ್ದೆ ಬಂತು. ಆದರೂ ತಿಂಗಳ ಸಂಬಳದಲ್ಲಿ ಕಡಿತವಾದ ತೆರಿಗೆಯೇ ಬಹುಪಾಲು ನೌಕರರಿಗೆ ಅಂತಿಮವಾಗಿತ್ತು. ವರ್ಷಾಂತ್ಯದ ಲೆಕ್ಕಪತ್ರವೆಂಬ, ನಮಗೆ ದಶಕಗಳಿಂದ ರೂಢಿಯಾದ ಪದ್ಧತಿ ಅಲ್ಲಿ ಸಾರ್ವತ್ರಿಕವಾಗಿ ಬಂದದ್ದು 2019ರ ಆದಾಯಕ್ಕೆ ಮಾತ್ರ.

ಹೊಸ ಕಾಯ್ದೆಯ ತಿರುಳು ಸರಳವಾಗಿದೆ. ಜನವರಿಯಿಂದ ಡಿಸೆಂಬರ್‌ವರೆಗಿನ ವರ್ಷದಲ್ಲಿ 183 ದಿನ ಚೀನಾದಲ್ಲಿದ್ದ ವಿದೇಶಿಯನು ಆ ಇಡೀ ವರ್ಷಕ್ಕೆ ನಿವಾಸಿ. ಒಂದು ದಿನ ಕಡಿಮೆಯಾದರೂ ಅನಿವಾಸಿ. ಪೂರ್ತಿ 24 ಗಂಟೆ ಅಲ್ಲಿದ್ದ ದಿನವನ್ನು ಮಾತ್ರ ಎಣಿಕೆಗೆ ಹಿಡಿಯಲಾಗುತ್ತದೆ. ನಿವಾಸಿಗೆ ವರ್ಷಕ್ಕೆ 60 ಸಾವಿರ ಯುವಾನ್ ಮೂಲ ವಿನಾಯಿತಿ. ಅದರ ಮೇಲೆ ಶೇ 3ರಿಂದ ಶೇ 45ರವರೆಗಿನ ಏಳು ದರಗಳು. ಮುಂದಿನ ವರ್ಷದ ಮಾರ್ಚ್ 1ರಿಂದ ಜೂನ್ 30ರೊಳಗೆ ಅವನು ವಾರ್ಷಿಕ ಲೆಕ್ಕ ಸಲ್ಲಿಸಿ, ಕಡಿಮೆ ಬಿದ್ದದ್ದನ್ನು ಕಟ್ಟಬೇಕು ಅಥವಾ ಹೆಚ್ಚಾದದ್ದನ್ನು ಮರಳಿ ಪಡೆಯಬೇಕು. ವಾರ್ಷಿಕ ಆದಾಯ 1.2 ಲಕ್ಷ ಯುವಾನ್ ಮೀರದವರಿಗೆ ಅಥವಾ ಬಾಕಿ 400 ಯುವಾನ್ ದಾಟದವರಿಗೆ 2027ರ ಅಂತ್ಯದವರೆಗೆ ಬಾಕಿ ಕಟ್ಟುವುದರಿಂದ ವಿನಾಯಿತಿ ಇದೆ. ಅನಿವಾಸಿಗೆ ವಾರ್ಷಿಕ ಲೆಕ್ಕವಿಲ್ಲ. ತಿಂಗಳ ದರದಂತೆ ಕಡಿತವಾದದ್ದೇ ಕೊನೆ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ವಿವರಿಸಬಹುದು. ತಿಂಗಳಿಗೆ 30 ಸಾವಿರ ಯುವಾನ್ ಸಂಬಳದ ನೌಕರನೊಬ್ಬನಿದ್ದಾನೆಂದು ಭಾವಿಸೋಣ; ಇತರ ಕಡಿತಗಳನ್ನು ಬದಿಗಿಡೋಣ. ಅವನು ಆಗಸ್ಟ್ ಕೊನೆಗೆ ಕೆಲಸ ಬಿಟ್ಟು ಹೊರಟರೆ, ಅಷ್ಟರೊಳಗೆ ಅವನ ಸಂಬಳದಿಂದ 23,080 ಯುವಾನ್ ತೆರಿಗೆ ಕಡಿತವಾಗಿರುತ್ತದೆ. ಏಕೆಂದರೆ ಉದ್ಯೋಗದಾತ ಎಂಟು ತಿಂಗಳ ವಿನಾಯಿತಿಯನ್ನಷ್ಟೇ ಕೊಟ್ಟಿರುತ್ತಾನೆ. ಆದರೆ 183 ದಿನ ದಾಟಿರುವುದರಿಂದ ಅವನು ಪೂರ್ಣ 60 ಸಾವಿರದ ವಿನಾಯಿತಿಗೆ ಅರ್ಹ. ವಾರ್ಷಿಕ ಲೆಕ್ಕದಲ್ಲಿ ತೆರಿಗೆ 19,080ಕ್ಕೆ ಇಳಿದು 4,000 ಯುವಾನ್ ಅವನಿಗೆ ಹಿಂದಿರುಗಬೇಕು.

ಅದೇ ನೌಕರ ಮೇ ಕೊನೆಗೆ ಹೊರಟನೆನ್ನಿ. ವರ್ಷಪೂರ್ತಿ ಇರುತ್ತಾನೆಂಬ ಊಹೆಯ ಮೇಲೆ ಅವನಿಂದ ಐದು ತಿಂಗಳಲ್ಲಿ ಕಡಿತವಾದದ್ದು 9,980 ಯುವಾನ್. 183 ದಿನ ತುಂಬದ್ದರಿಂದ ಅವನೀಗ ಅನಿವಾಸಿ. ತಿಂಗಳ ದರದಂತೆ ಮರುಲೆಕ್ಕ ಹಾಕಿದರೆ ತಿಂಗಳಿಗೆ 3,590ರಂತೆ 17,950 ಯುವಾನ್ ಆಗುತ್ತದೆ. ಅಂದರೆ 7,970 ಯುವಾನ್ ಬಾಕಿ. 2019ರಲ್ಲಿ ಹೊರಡಿಸಿದ ನಿಯಮದಂತೆ, ಅರ್ಹತೆ ತಪ್ಪಿದ ದಿನದಿಂದ ವರ್ಷ ಮುಗಿದ 15 ದಿನಗಳೊಳಗೆ ಅವನು ಇದನ್ನು ಇಲಾಖೆಗೆ ತಿಳಿಸಿ ಕಟ್ಟಿದರೆ ವಿಳಂಬ ಶುಲ್ಕವಿಲ್ಲ. ಮೇ ತಿಂಗಳಲ್ಲಿ ಹೊರಟವನಿಗೆ ಬಾಕಿ, ಆಗಸ್ಟಿನಲ್ಲಿ ಹೊರಟವನಿಗೆ ಮರುಪಾವತಿ! ಇಬ್ಬರಿಗೂ ಇದು ಗೊತ್ತಾಗುವುದು ಯಾರಾದರೂ ಹೇಳಿದರೆ ಮಾತ್ರ.

ಇನ್ನೊಂದು ಸೂಕ್ಷ್ಮವೂ ಇದೆ. ದೇಶ ಬಿಟ್ಟ ಮೇಲೆ ಕೈಸೇರುವ ಬೋನಸ್ ಅಥವಾ ಷೇರು ಆಯ್ಕೆಯ ಲಾಭದಲ್ಲಿ ಚೀನಾದಲ್ಲಿ ದುಡಿದ ಅವಧಿಗೆ ಸೇರಿದ ಪಾಲು ಚೀನಾ ಮೂಲದ ಆದಾಯವೇ. ಬೆಂಗಳೂರಿನ ಖಾತೆಗೆ ಜಮೆಯಾಯಿತೆಂಬ ಕಾರಣಕ್ಕೆ ಅದು ಅಲ್ಲಿನ ತೆರಿಗೆಯಿಂದ ಹೊರಗುಳಿಯುವುದಿಲ್ಲ.

ಈ ವ್ಯವಸ್ಥೆಯ ಮೊದಲ ಪರೀಕ್ಷೆ ನಡೆದ ಕಾಲವೇ ವಿಚಿತ್ರವಾಗಿತ್ತು. 2019ರ ಆದಾಯದ ಲೆಕ್ಕ ಸಲ್ಲಿಸುವ ಮೊಟ್ಟಮೊದಲ ಅವಧಿ ಆರಂಭವಾದದ್ದು 2020ರ ಮಾರ್ಚ್ 1ರಂದು. ಭಾರತದಲ್ಲಿ ಲಾಕ್‌ಡೌನ್ ಜಾರಿಯಾದದ್ದು ಮಾರ್ಚ್ 25ರಂದು. ಚೀನಾ ತನ್ನ ವೀಸಾ ಹೊಂದಿದ್ದ ವಿದೇಶಿಯರಿಗೂ ಗಡಿ ಮುಚ್ಚಿದ್ದು ಮಾರ್ಚ್ 28ರಂದು. ವಸಂತೋತ್ಸವದ ರಜೆಗೆಂದು ಊರಿಗೆ ಬಂದವರು ತಾವು ಚೀನಾ ಬಿಟ್ಟಿದ್ದೇವೆಂದು ತಿಳಿಯದೆಯೇ ಬಿಟ್ಟಿದ್ದರು. ಅವರ ಮನೆ, ಸಾಮಾನು, ದೂರವಾಣಿ ಸಂಖ್ಯೆ, ಬ್ಯಾಂಕ್ ಖಾತೆ ಅಲ್ಲಿ, ಅವರು ಇಲ್ಲಿ. ಆಗಮನದ ಮೇಲಿನ ಕ್ವಾರಂಟೈನ್ ನಿಯಮವನ್ನು ಚೀನಾ ಕೈಬಿಟ್ಟದ್ದು 2023ರ ಜನವರಿಯಲ್ಲಿ; ಎರಡು ದೇಶಗಳ ನಡುವೆ ನೇರ ವಿಮಾನ ಸಂಚಾರ ಪುನರಾರಂಭವಾದದ್ದು 2025ರ ಅಕ್ಟೋಬರಿನಲ್ಲಿ.

ಬಾಕಿ ಉಳಿಸಿಕೊಂಡರೆ ಏನಾದೀತು? ವಿಳಂಬ ಶುಲ್ಕ ದಿನಕ್ಕೆ ಹತ್ತು ಸಾವಿರಕ್ಕೆ ಐದು, ಅಂದರೆ ವರ್ಷಕ್ಕೆ ಶೇ 18ಕ್ಕೂ ಹೆಚ್ಚು. ವಂಚನೆಯೆಂದು ತೀರ್ಮಾನವಾದರೆ ದಂಡ ಬಾಕಿಯ ಅರ್ಧದಿಂದ ಐದು ಪಟ್ಟು; ವಂಚಿಸಿದ ತೆರಿಗೆಯ ವಸೂಲಿಗೆ ಕಾಲಮಿತಿಯಿಲ್ಲ. ತೆರಿಗೆ ಸಂಗ್ರಹ ಕಾಯ್ದೆಯ 44ನೇ ಕಲಮಿನಂತೆ ಬಾಕಿದಾರನು ತೆರಿಗೆ ಕಟ್ಟದೆ, ಭದ್ರತೆಯನ್ನೂ ಒದಗಿಸದೆ ದೇಶ ಬಿಡದಂತೆ ತಡೆಯಲು ಇಲಾಖೆ ಗಡಿ ಅಧಿಕಾರಿಗಳಿಗೆ ಸೂಚಿಸಬಹುದು. ಈಗಾಗಲೇ ಹೊರಬಂದವನಿಗೆ ಇದರ ಹಂಗಿಲ್ಲವೆಂದು ತೋರೀತು. ಆದರೆ ನಾಲ್ಕು ವರ್ಷಗಳ ನಂತರ ವ್ಯಾಪಾರದ ನಿಮಿತ್ತ ಒಂದು ವಾರಕ್ಕೆ ಹೋದವನು ಮರಳುವಾಗ ದಾಟಬೇಕಾದದ್ದು ಅದೇ ಬಾಗಿಲನ್ನು.

ಬಾಕಿಗಿಂತ ಮರುಪಾವತಿಯ ಪ್ರಶ್ನೆ ನನ್ನ ದೃಷ್ಟಿಯಲ್ಲಿ ಹೆಚ್ಚು ನ್ಯಾಯಬದ್ಧವಾದದ್ದು. ಹೆಚ್ಚಾಗಿ ಕಟ್ಟಿದ ತೆರಿಗೆಯನ್ನು ಮೂರು ವರ್ಷಗಳೊಳಗೆ ಕೇಳಬಹುದು. ಆದರೆ ಹಣ ಬರುವುದು ತೆರಿಗೆದಾರನ ಹೆಸರಿನಲ್ಲಿ ಚೀನಾದಲ್ಲಿಯೇ ತೆರೆದ ಖಾತೆಗೆ. ಹೊರಡುವ ದಿನ ಶಿಸ್ತಾಗಿ ಖಾತೆ ಮುಚ್ಚಿ, ಮೊಬೈಲ್ ಸಂಖ್ಯೆಯನ್ನೂ ಹಿಂದಿರುಗಿಸಿ ಬಂದವನು ತನ್ನ ಹಣದ ದಾರಿಯನ್ನು ತಾನೇ ಮುಚ್ಚಿದಂತಾಗುತ್ತದೆ. ಪಾಸ್‌ಪೋರ್ಟ್ ನವೀಕರಿಸಿದರೆ ಸಂಖ್ಯೆ ಬದಲಾಗುತ್ತದೆ. ಹಳೆಯ ಸಂಖ್ಯೆಯ ದಾಖಲೆಗಳಿಗೂ ಹೊಸ ಸಂಖ್ಯೆಯ ವ್ಯಕ್ತಿಗೂ ಗಂಟು ಹಾಕಿಸಬೇಕಾಗುತ್ತದೆ. ಪಿಂಚಣಿಯದೂ ಇದೇ ಕಥೆ. 2011ರ ಅಕ್ಟೋಬರ್ 15ರಿಂದ ವಿದೇಶಿ ನೌಕರರೂ ಚೀನಾದ ಸಾಮಾಜಿಕ ವಿಮೆಗೆ ಸೇರಿದ್ದಾರೆ. ದೇಶ ಬಿಡುವಾಗ ಅರ್ಜಿ ಕೊಟ್ಟರೆ ವೈಯಕ್ತಿಕ ಖಾತೆಯಲ್ಲಿರುವ ಮೊತ್ತವನ್ನು ಒಂದೇ ಕಂತಿನಲ್ಲಿ ಪಡೆಯಬಹುದು. ಭಾರತ ಮತ್ತು ಚೀನಾ ನಡುವೆ ಸಾಮಾಜಿಕ ಭದ್ರತಾ ಒಪ್ಪಂದವಿಲ್ಲದ ಕಾರಣ ಈ ಅರ್ಜಿಯನ್ನು ಮರೆತವನ ನೆರವಿಗೆ ಬೇರೆ ದಾರಿ ಕಡಿಮೆ.

ಇತ್ತ ನಮ್ಮ ದೇಶದ ಲೆಕ್ಕವನ್ನೂ ನೋಡೋಣ. ಅವರ ವರ್ಷ ಜನವರಿಯಿಂದ, ನಮ್ಮದು ಏಪ್ರಿಲ್‌ನಿಂದ. ಆಗಸ್ಟ್ ಕೊನೆಗೆ ಮರಳಿದವನು ಮಾರ್ಚ್‌ವರೆಗೆ 212 ದಿನ ಭಾರತದಲ್ಲಿರುತ್ತಾನೆ. 182 ದಿನ ದಾಟಿದ್ದರಿಂದ ಇಲ್ಲಿಯೂ ನಿವಾಸಿಯಾಗುತ್ತಾನೆ. ಎರಡು ಮೂರು ವರ್ಷಗಳಷ್ಟೇ ಹೊರಗಿದ್ದವರಿಗೆ 'ಸಾಮಾನ್ಯ ನಿವಾಸಿಯಲ್ಲದವ' ಎಂಬ ರಿಯಾಯಿತಿ ಸಾಮಾನ್ಯವಾಗಿ ದೊರೆಯದು. ಆಗ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಚೀನೀ ಸಂಬಳ ಎರಡೂ ದೇಶಗಳ ತೆರಿಗೆಯ ಬಲೆಗೆ ಬೀಳುತ್ತದೆ. 1994ರ ಜುಲೈನಲ್ಲಿ ಸಹಿಯಾದ ಭಾರತ-ಚೀನಾ ಒಪ್ಪಂದದಡಿ ಅಲ್ಲಿ ಕಟ್ಟಿದ್ದನ್ನು ಇಲ್ಲಿ ಜಮೆ ಪಡೆಯಬಹುದು; ಆದರೆ ಅದಕ್ಕೆ ಅಲ್ಲಿನ ತೆರಿಗೆ ದಾಖಲೆ ಬೇಕು. ಅಲ್ಲಿನ ಅಂತಿಮ ಲೆಕ್ಕವನ್ನೇ ಮುಗಿಸದವನು ಇಲ್ಲಿ ಯಾವ ಅಂಕಿಯನ್ನು ತೋರಿಸಿಯಾನು?

ಮರುಪಾವತಿಗೆಂದು ಚೀನಾದ ಖಾತೆಯನ್ನು ಉಳಿಸಿಕೊಂಡರೆ ಅದನ್ನು ಇಲ್ಲಿನ ಲೆಕ್ಕಪತ್ರದ ವಿದೇಶಿ ಆಸ್ತಿಗಳ ಅನುಸೂಚಿಯಲ್ಲಿ ಘೋಷಿಸಬೇಕು. ತಪ್ಪಿದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. ಸ್ಥಿರಾಸ್ತಿ ಹೊರತು ಒಟ್ಟು 20 ಲಕ್ಷ ರೂಪಾಯಿಯವರೆಗಿನ ಆಸ್ತಿಗಳಿಗೆ 2024ರ ಅಕ್ಟೋಬರ್‌ನಿಂದ ಆ ದಂಡ ಸಡಿಲವಾಗಿರುವುದು ಸಮಾಧಾನಕರ. ಮುಚ್ಚಿಡುವ ಯೋಚನೆ ವ್ಯರ್ಥ. ಬ್ಯಾಂಕ್ ಖಾತೆಗಳ ಮಾಹಿತಿಯನ್ನು ತಾನೇ ತಾನಾಗಿ ವಿನಿಮಯ ಮಾಡಿಕೊಳ್ಳುವ ಜಾಗತಿಕ ವ್ಯವಸ್ಥೆಗೆ ಭಾರತ 2017ರಲ್ಲಿ, ಚೀನಾ 2018ರಲ್ಲಿ ಸೇರಿವೆ.

ಚೀನಾ ಮಾತ್ರ ಕಠಿಣವೆಂದು ದೂರುವುದು ನ್ಯಾಯವಲ್ಲ. ನಮ್ಮ 1961ರ ಆದಾಯ ತೆರಿಗೆ ಕಾಯ್ದೆಯ 230ನೇ ಕಲಮು ಕೂಡ ಇಲ್ಲಿ ದುಡಿದ ವಿದೇಶಿಯನು ಹೊರಡುವ ಮುನ್ನ ಉದ್ಯೋಗದಾತನ ಮುಚ್ಚಳಿಕೆಯನ್ನು ಕೇಳುತ್ತಿತ್ತು. ಸರ್ಕಾರಿ ಸೇವೆಯ ದೀರ್ಘ ಅವಧಿಯಲ್ಲಿ ನಾನು ಕಂಡುಕೊಂಡ ಸತ್ಯವೊಂದಿದೆ: ಆಡಳಿತದ ಪ್ರತಿಯೊಂದು ನಮೂನೆಯೂ ಎದುರಿಗಿರುವ ಮನುಷ್ಯನನ್ನು ಕಲ್ಪಿಸಿಕೊಂಡು ರಚಿತವಾಗಿರುತ್ತದೆ. ಹೊರಟುಹೋದವನು ಅದರ ಕಲ್ಪನೆಯಲ್ಲಿರುವುದಿಲ್ಲ. ಆದರೆ ಬಾಕಿ ವಸೂಲಿಗೆ ಗಡಿ ದಾಟುವ ಕೈ ಮರುಪಾವತಿಗೆ ಮಾತ್ರ ಗಡಿಯೊಳಗೇ ನಿಲ್ಲುವುದಾದರೆ ಅದನ್ನು ಸಮಾನ ವ್ಯವಹಾರವೆನ್ನಲಾಗದು. ಹಿಂದಿನ ವರ್ಷದ ಲೆಕ್ಕವನ್ನು ಮಾರ್ಚ್ 1ಕ್ಕೆ ಮುನ್ನ ಹೊರಡುವ ವಿದೇಶಿಯರು ಹೊರಡುವ ಮೊದಲೇ ಸಲ್ಲಿಸಲು ಚೀನಾ ಅವಕಾಶ ಕೊಟ್ಟಿದೆ. ಅದನ್ನು ಹೊರಡುವ ವರ್ಷದ ಲೆಕ್ಕಕ್ಕೂ ವಿಸ್ತರಿಸಿ, ಮರುಪಾವತಿಯನ್ನು ವಿದೇಶಿ ಖಾತೆಗೂ ಕಳುಹಿಸುವಂತಾದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಸಾಮಾಜಿಕ ಭದ್ರತಾ ಒಪ್ಪಂದದ ಜೊತೆಗೆ ಈ ವಿಷಯವನ್ನೂ ನಮ್ಮ ಸರ್ಕಾರ ಮಾತುಕತೆಯ ಮೇಜಿಗೆ ತರಬೇಕು. ನೌಕರರನ್ನು ಕಳುಹಿಸುವ ಕಂಪನಿಗಳು ಹೋಗುವಾಗ ಕೊಡುವ ಮಾರ್ಗದರ್ಶನವನ್ನು ಬರುವಾಗಲೂ ಕೊಡಬೇಕು.

ಅದುವರೆಗೆ ಹೊರಡುವವರು ತಮ್ಮ ಎಚ್ಚರದಲ್ಲಿರುವುದೇ ಲೇಸು. ಹೊರಡುವ ದಿನಾಂಕವನ್ನು ನಿರ್ಧರಿಸುವ ಮೊದಲು 183ರ ಎಣಿಕೆ ಮಾಡಿ. ತೆರಿಗೆ ದಾಖಲೆಯ ಪ್ರತಿಯನ್ನು ಪಡೆದುಕೊಳ್ಳಿ. ಪಿಂಚಣಿಯ ಅರ್ಜಿಯನ್ನು ಕೊಟ್ಟೇ ಹೊರಡಿ. ಒಂದು ಬ್ಯಾಂಕ್ ಖಾತೆ ಮತ್ತು ಮೊಬೈಲ್ ಸಂಖ್ಯೆಯನ್ನು ಕನಿಷ್ಠ ಮುಂದಿನ ಜೂನ್ ಕಳೆದು ಮರುಪಾವತಿ ಕೈಸೇರುವವರೆಗೆ ಜೀವಂತವಾಗಿಡಿ. ಸ್ವತಃ ಆಗದಿದ್ದರೆ ಲೆಕ್ಕ ಸಲ್ಲಿಸಲು ಉದ್ಯೋಗದಾತನಿಗೋ ಪ್ರತಿನಿಧಿಗೋ ಲಿಖಿತ ಅಧಿಕಾರ ಕೊಡಿ. ದುಡಿದ ನಾಡಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದು ಎಷ್ಟು ಕರ್ತವ್ಯವೋ, ಅಲ್ಲಿಂದ ತನಗೆ ಬರಬೇಕಾದದ್ದನ್ನು ಕೇಳಿ ಪಡೆಯುವುದೂ ಅಷ್ಟೇ ಹಕ್ಕು.