ಬೆಕ್ಕಿನ ವಾಸನೆಗೆ ಫಿನಾಯಿಲ್ ಮದ್ದೇ?

ನರೇಗಲ್ಲಿನ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಮೊದಲು ಮಣ್ಣಿನ ನೆಲವಿತ್ತು. ವಾರಕ್ಕೊಮ್ಮೆ ಸೆಗಣಿ ಹಾಕಿ ಸಾರಿಸುತ್ತಿದ್ದರು. ಎಮ್ಮೆ, ನಾಯಿ, ಬೆಕ್ಕು ಎಲ್ಲ ಒಂದೇ ಸೂರಿನಡಿ ಇದ್ದರೂ ವಾಸನೆಯ ದೂರು ಇರಲಿಲ್ಲ. ಟೈಲ್ಸ್ ಹಾಕಿಸಿದ ಮೇಲೆ ದೂರು ಶುರುವಾಯಿತು. “ದಿನಾ ಫಿನಾಯಿಲ್ ಹಾಕಿ ಒರಸ್ತೇನಿ, ಆದ್ರೂ ವಾಸನಿ ಹೋಗವಲ್ದು. ಬೆಕ್ಕು ಯಾರಿಗರೆ ಕೊಟ್ಟ ಬಿಡ್ತೇನಿ” ಅಂದರು. ನುಣುಪಾದ ನೆಲಕ್ಕೆ ವಾಸನೆ ಹಿಡಿಯುವುದಿಲ್ಲ, ಫಿನಾಯಿಲ್ ಹಾಕಿದರೆ ಎಲ್ಲ ಹೋಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಎರಡೂ ಸರಿಯಲ್ಲ.

ತಾಜಾ ಮೂತ್ರಕ್ಕೆ ಅಷ್ಟೇನೂ ನಾತ ಇರುವುದಿಲ್ಲ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಕಣ್ಣು ಉರಿಸುವ ಘಾಟು ಅದರದ್ದು. ಬೆಕ್ಕಿನ ಮೂತ್ರದಲ್ಲಿ ಫೆಲಿನಿನ್ ಎಂಬ ಇನ್ನೊಂದು ವಸ್ತುವೂ ಇದೆ. ಅದಕ್ಕೆ ಸ್ವಂತ ವಾಸನೆ ಇಲ್ಲ. ದಿನ ಕಳೆದಂತೆ ಅದು ಒಡೆದು ಗಂಧಕ ಸೇರಿದ ಥಯಾಲ್‌ಗಳಾಗುತ್ತದೆ. ಇವು ಒಂದು ಚೂರಿದ್ದರೂ ಮೂಗಿಗೆ ಹೊಡೆಯುತ್ತವೆ. ಸಂತಾನಹರಣ ಮಾಡಿಸದ ಗಂಡು ಬೆಕ್ಕಿನಲ್ಲಿ ಫೆಲಿನಿನ್ ಬಹಳ ಹೆಚ್ಚು. ನಿನ್ನೆ ಇಲ್ಲದ ವಾಸನೆ ಇವತ್ತು ಎಲ್ಲಿಂದ ಬಂತು ಎನ್ನುವ ಪ್ರಶ್ನೆಗೆ ಇದೇ ಉತ್ತರ. (ಯೂರಿಕ್ ಆಮ್ಲದ ಹರಳುಗಳೇ ಕಾರಣ ಎಂದು ಇಂಟರ್ನೆಟ್ ತುಂಬ ಬರೆದಿರುತ್ತಾರೆ. ಬೆಕ್ಕು ಮತ್ತು ಹೆಚ್ಚಿನ ನಾಯಿಗಳ ದೇಹ ಯೂರಿಕ್ ಆಮ್ಲದ ಬಹುಭಾಗವನ್ನು ಅಲಾಂಟಾಯಿನ್ ಆಗಿ ಬದಲಿಸಿಯೇ ಹೊರಹಾಕುತ್ತದೆ.)

ಹಾಗಾದರೆ ಮಣ್ಣಿನ ನೆಲ ಏನು ಮಾಡುತ್ತಿತ್ತು? ನಮ್ಮ ಭಾಗದ ಎರಿ ಮಣ್ಣಿನಲ್ಲಿ ಸೂಕ್ಷ್ಮ ಜೇಡಿ ಕಣಗಳು ಹೆಚ್ಚು. ಮಳೆಗೆ ಹಿಗ್ಗಿ ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವುದು ಅದರ ಕಾರಣಕ್ಕೇ. ಆ ಕಣಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ, ಅಮೋನಿಯಂ ಧನ ವಿದ್ಯುದಂಶದ್ದು. ಹೀಗಾಗಿ ಮಣ್ಣು ತೇವವನ್ನೂ ಹೀರುತ್ತದೆ, ಅಮೋನಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. 1947ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಎಡ್ವರ್ಡ್ ಲೋ ಎಂಬವರ ಬಳಿ ನೆರೆಯವರೊಬ್ಬರು ಬೆಕ್ಕಿಗೆಂದು ಮರಳು ಕೇಳಲು ಬಂದರಂತೆ. ಅವರು ಮರಳಿನ ಬದಲು ಫುಲ್ಲರ್ಸ್ ಅರ್ಥ್ ಕೊಟ್ಟರು. ಅದು ನಮ್ಮ ಮುಲ್ತಾನಿ ಮಿಟ್ಟಿಯ ಬಳಗದ್ದೇ. ಈಗ ಪೇಟೆಯಲ್ಲಿ ಚೀಲಗಟ್ಟಲೆ ಮಾರುವ ಕ್ಯಾಟ್ ಲಿಟರ್‌ನ ಕಥೆ ಶುರುವಾದದ್ದು ಅಲ್ಲಿಂದ. ಟೈಲ್ಸ್ ಏನನ್ನೂ ಹೀರುವುದಿಲ್ಲ, ನಿಜ. ಆದರೆ ಎರಡು ಟೈಲ್ಸ್ ನಡುವಿನ ಸಿಮೆಂಟ್ ಸಂದು ಹೀರುತ್ತದೆ, ಮತ್ತು ಅಲ್ಲಿಗೆ ಒರೆಸುವ ಬಟ್ಟೆ ಮುಟ್ಟುವುದೇ ಇಲ್ಲ. ಮಳೆಗಾಲದಲ್ಲಿ ತೇವ ಏರಿದಾಗ ಹಳೇ ವಾಸನೆ ಮತ್ತೆ ಏಳುತ್ತದೆ.

ಫಿನಾಯಿಲ್ ರೋಗಾಣುಗಳನ್ನು ಕೊಲ್ಲಬಹುದು. ಆದರೆ ಆಗಲೇ ಹುಟ್ಟಿರುವ ಥಯಾಲ್‌ಗಳನ್ನು ಅದು ತೆಗೆಯುವುದಿಲ್ಲ, ಅವುಗಳ ಮೇಲೆ ತನ್ನ ವಾಸನೆ ಹೊದಿಸುತ್ತದೆ ಅಷ್ಟೆ. ಊದಿನಕಡ್ಡಿ, ಕರ್ಪೂರದ್ದೂ ಅದೇ ಕಥೆ. ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಕಪ್ಪು ಫಿನಾಯಿಲ್‌ನಲ್ಲಿರುವ ಫಿನಾಲ್ ಜಾತಿಯ ರಾಸಾಯನಿಕಗಳನ್ನು ವಿಷರಹಿತ ಮಾಡಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯುವುದೂ ಇದೇ ಕೊರತೆಯಿಂದ. ಒದ್ದೆ ನೆಲದ ಮೇಲೆ ನಡೆದ ಬೆಕ್ಕು ಆಮೇಲೆ ಕೂತು ಪಂಜ ನೆಕ್ಕುತ್ತದೆ. ಜೊಲ್ಲು ಸುರಿಸುವುದು, ವಾಂತಿ, ತೂರಾಡುವುದು ಕಂಡರೆ ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಬೇಕು.

ಬ್ಲೀಚಿಂಗ್ ಪೌಡರ್ ಮನುಷ್ಯರಿಗೂ ಅಪಾಯ. ಮೂತ್ರದ ಅಮೋನಿಯಾ ಜೊತೆ ಸೇರಿದರೆ ಕ್ಲೋರಮೈನ್ ಅನಿಲ, ಟಾಯ್ಲೆಟ್ ತೊಳೆಯುವ ಆಮ್ಲದ ಜೊತೆ ಸೇರಿದರೆ ಕ್ಲೋರಿನ್ ಅನಿಲ. ಎರಡೂ ಶ್ವಾಸಕೋಶವನ್ನು ಸುಡುತ್ತವೆ. ಕಿಟಕಿ ಇಲ್ಲದ ಬಚ್ಚಲಿನಲ್ಲಿ ಈ ಪ್ರಯೋಗ ಬೇಡವೇ ಬೇಡ. ಹಳೆಯ ಮೂತ್ರದ ಮೇಲೆ ಒಲೆಯ ಬೂದಿ ಚೆಲ್ಲುವವರೂ ಇದ್ದಾರೆ. ಬೂದಿ ತೇವ ಹೀರುತ್ತದೆ, ಆದರೆ ಅದು ಕ್ಷಾರವಾದ್ದರಿಂದ ಅಮೋನಿಯಾ ಇನ್ನಷ್ಟು ಬೇಗ ಗಾಳಿಗೆ ಬಿಡುಗಡೆಯಾಗುತ್ತದೆ.

ಮಾಡಬೇಕಾದದ್ದು ಸರಳ. ಮೊದಲು ಜಾಗ ಹುಡುಕಿ. ನೋಟು ಪರೀಕ್ಷಿಸುವ ಯುವಿ ಟಾರ್ಚ್ ಹಿಡಿದು ಕತ್ತಲಲ್ಲಿ ನೋಡಿದರೆ ಒಣಗಿದ ಕಲೆ ಹೊಳೆಯುತ್ತದೆ. ನಿಮ್ಮ ಮೂಗನ್ನು ನಂಬಬೇಡಿ, ಸದಾ ಇರುವ ವಾಸನೆಗೆ ಅದು ಒಗ್ಗಿಹೋಗಿರುತ್ತದೆ. ಹಸಿ ಇದ್ದರೆ ಬಟ್ಟೆಯಿಂದ ಒತ್ತಿ ಹೀರಿಸಿ, ಸೋಪಿನ ನೀರಿನಿಂದ ಸಂದುಗಳನ್ನು ಬ್ರಷ್‌ನಲ್ಲಿ ಉಜ್ಜಿ, ನೀರು ಹಾಕಿ ತೊಳೆದು ಒಣಗಿಸಿ. ಹಳೆಯ ಕಲೆಗೆ ಮೆಡಿಕಲ್ ಅಂಗಡಿಯ 3% ಹೈಡ್ರೋಜನ್ ಪೆರಾಕ್ಸೈಡ್‌ಗೆ ಸ್ವಲ್ಪ ಅಡುಗೆ ಸೋಡಾ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಹಚ್ಚಿ, ಕಾಲು ಗಂಟೆ ಬಿಟ್ಟು ತೊಳೆಯಬಹುದು. ಅಮೆರಿಕದ ರಸಾಯನಶಾಸ್ತ್ರಜ್ಞ ಪಾಲ್ ಕ್ರೇಬಾಮ್ 1993ರಲ್ಲಿ ಸ್ಕಂಕ್ ಪ್ರಾಣಿಯ ನಾತಕ್ಕೆ ಹೇಳಿದ ಮಿಶ್ರಣ ಇದು. ಅಲ್ಲಿಯೂ ಶತ್ರು ಥಯಾಲ್‌ಗಳೇ. ಬೆರೆಸಿದ್ದನ್ನು ಮುಚ್ಚಳ ಹಾಕಿ ಇಡಬೇಡಿ, ಬಾಟಲಿ ಸಿಡಿಯುತ್ತದೆ. ಬಣ್ಣದ ಬಟ್ಟೆಗೂ ತಾಗಿಸಬೇಡಿ. ಮನೆಯಲ್ಲಿ ಶಹಾಬಾದ್ ಪರಸಿ ಇದ್ದರೆ ವಿನೆಗರ್, ನಿಂಬೆಹಣ್ಣಿನ ಸಲಹೆಗಳನ್ನು ಮರೆತುಬಿಡಿ. ಅದು ಸುಣ್ಣದ ಕಲ್ಲು, ಆಮ್ಲ ಅದನ್ನು ತಿಂದು ಇನ್ನಷ್ಟು ತೂತು ಮಾಡುತ್ತದೆ.

ನಾಯಿಯದು ಬೇರೆ ವಿಷಯ. ಒದ್ದೆಯಾದಾಗ ಬರುವ ವಾಸನೆ ಅದರ ಕೂದಲಿನಲ್ಲಿರುವ ಸೂಕ್ಷ್ಮಜೀವಿಗಳದ್ದು, ಮೈ ಒಣಗಿಸಿದರೆ ಸಾಕು. ಕಿವಿ, ಬಾಯಿ ನಾರಿದರೆ ಸೋಂಕು ಇರಬಹುದು.

ಬೆಕ್ಕು ಇದ್ದಕ್ಕಿದ್ದಂತೆ ಕಂಡಕಂಡಲ್ಲಿ ಉಚ್ಚೆ ಹೊಯ್ಯತೊಡಗಿದರೆ ಅದು ಹಟವಲ್ಲ, ಮೂತ್ರಕೋಶದ ತೊಂದರೆ ಇದ್ದೀತು. ಗಂಡು ಬೆಕ್ಕು ಮುಕ್ಕರಿಸಿದರೂ ಹನಿ ಬರದಿದ್ದರೆ ಮೂತ್ರನಾಳ ಕಟ್ಟಿದೆ ಎಂದರ್ಥ. ಒಂದೆರಡು ದಿನದಲ್ಲಿ ಸಾಯಬಹುದು.

ಚಿಕ್ಕಮ್ಮ ಈಗ ಹಿತ್ತಲ ಬಾಗಿಲ ಬಳಿ ಹಳೇ ಬುಟ್ಟಿಯಲ್ಲಿ ಬಿಸಿಲಿಗೆ ಒಣಗಿಸಿದ ಎರಿ ಮಣ್ಣು ಇಟ್ಟಿದ್ದಾರೆ. ದಿನಾ ಒದ್ದೆ ಹೆಂಟೆಗಳನ್ನು ತೆಗೆದು ಹೊಸ ಮಣ್ಣು ಸುರಿಯುತ್ತಾರೆ. ಬಸುರಿ ಸೊಸೆಗೆ ಮಾತ್ರ ಆ ಬುಟ್ಟಿ ಮುಟ್ಟಬೇಡ ಎಂದಿದ್ದೇವೆ, ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮಾ ಸೋಂಕು ತಗುಲಬಹುದು. ಬೆಕ್ಕು ಮನೆಯಲ್ಲೇ ಇದೆ.