ಕಾಡಿನ ಡೈರಿ – 4: ಲೊಕೇಶನ್ ಕೇಳ್ಬೇಡಿ, ಹೇಳಲ್ಲ

ಮೊನ್ನೆಯ ಅಣಬೆ ಫೋಟೋಗೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಮಗಾ, ಎಲ್ಲಿ ಸಿಕ್ತು? ಲೊಕೇಶನ್ ಹಾಕೋ." ಹಿಮಾಚಲದ ಕುಲ್ಲು ಕಡೆ, ದೇವದಾರು ಕಾಡು. ಅಷ್ಟೇ ಹೇಳೋದು. ಯಾಕೆ ಅಂತ ಓದಿ, ಆಮೇಲೆ ಬೇಕಾದ್ರೆ ಬೈಯಿರಿ.

ಅದರ ಹೆಸರು ಗುಚ್ಚಿ. ಜೇನುಗೂಡಿನ ಥರ ತೂತು ತೂತಾದ ಟೋಪಿ, ಸೀಳಿದ್ರೆ ಒಳಗೆ ಪೂರ್ತಿ ಟೊಳ್ಳು. ಹಿಮ ಕರಗಿದ ಮೇಲೆ ವಸಂತದಲ್ಲಿ ಏಳುತ್ತೆ. ಗುಡುಗಿದ್ರೆ ಗುಚ್ಚಿ ಬರುತ್ತೆ ಅಂತಾರೆ ಅಲ್ಲಿಯವರು. ನಮ್ಮ ಕರಾವಳಿಯ ಅಜ್ಜಿಯಂದಿರೂ ಅಣಬೆ ಬಗ್ಗೆ ಇದನ್ನೇ ಹೇಳ್ತಾರೆ, ಅಲ್ವಾ?

ಒಣಗಿಸಿದ ಗುಚ್ಚಿಗೆ ಕೆಜಿಗೆ ಹತ್ತಾರು ಸಾವಿರ ರೂಪಾಯಿ. ಹೊಲದಲ್ಲಿ ಬೆಳೆಯೋದು ಸುಲಭ ಇಲ್ಲ, ಕಾಡಲ್ಲೇ ಹುಡುಕಬೇಕು. ದಿನವಿಡೀ ಬಗ್ಗಿ ಹುಡುಕಿದ್ರೂ ಕೆಲವು ದಿನ ಒಂದೇ ಹಿಡಿ. ಅದಕ್ಕೇ ಸಿಕ್ಕ ಜಾಗವನ್ನ ಪಕ್ಕದ ಮನೆಯವರಿಗೂ ಹೇಳಲ್ಲ.

ನಾನೇನು ಮಾಡ್ದೆ? ಕಿತ್ತೆ, ಫೋಟೋ ಹೊಡೆದೆ, ಪಿನ್ ಸಮೇತ ಸ್ಟೋರಿ ಹಾಕ್ದೆ. ನಾವು ಉಳ್ಕೊಂಡಿದ್ದ ಮನೆಯ ಆಂಟಿ ಬೈಲಿಲ್ಲ. "ಇದನ್ನ ಎಷ್ಟು ಜನ ನೋಡ್ತಾರೆ?" ಅಂತ ಹಿಂದಿಯಲ್ಲಿ ಕೇಳಿದ್ರು. ಆರುನೂರು ಅಂದೆ. ಸುಮ್ಮನಾದ್ರು. ಕೂತಲ್ಲೇ ಸ್ಟೋರಿ ಡಿಲೀಟ್ ಮಾಡ್ದೆ.

"ಒಂದು ಅಣಬೆ ಕಿತ್ರೆ ಕಾಡು ಮುಳುಗುತ್ತಾ?" ಅಂತೀರಿ. ಮುಳುಗಲ್ಲ. ಅಣಬೆ ಅಂದ್ರೆ ಹಣ್ಣಿದ್ದಂಗೆ, ಜೀವ ಇರೋದು ಮಣ್ಣೊಳಗಿನ ದಾರಗಳಲ್ಲಿ. ಆದ್ರೆ ಪಿನ್ ನೋಡಿ ಬರೋ ನೂರು ಜನ ಆ ಮಣ್ಣನ್ನೇ ತುಳೀತಾರೆ. ಉತ್ತರಾಖಂಡದ ಪಿಥೋರಾಗಢ, ಚಮೋಲಿಯ ಎತ್ತರದ ಹುಲ್ಲುಗಾವಲಲ್ಲಿ ಕೀಡಾ ಜಡಿ ಅಂತ ಸಿಗುತ್ತೆ, ಹುಳುವಿನ ಮರಿಯೊಳಗೆ ಬೆಳೆಯೋ ಶಿಲೀಂಧ್ರ. ಬೇಡಿಕೆ ಏರಿ, ಮಿತಿಮೀರಿ ಅಗೆದು, 2020ರಲ್ಲಿ ಅದು ಐಯುಸಿಎನ್‌ನ ಕೆಂಪು ಪಟ್ಟಿಗೆ ಅಪಾಯದಲ್ಲಿರೋ ಜೀವಿಯಾಗಿ ಸೇರ್ತು.

ಇನ್ನೊಂದು ಮಾತು. ಗುಚ್ಚಿ ಥರಾನೇ ಕಾಣೋ ವಿಷದ ಅಣಬೆಯೂ ಇದೆ. ಅದರ ಟೋಪಿ ಮೆದುಳಿನ ಹಾಗೆ ಮಡಿಕೆ ಮಡಿಕೆ, ಒಳಗೆ ಪೂರ್ತಿ ಟೊಳ್ಳಿರಲ್ಲ. ನನ್ನ ಫೋಟೋ ನೋಡ್ಕೊಂಡು ಯಾರೂ ಕಿತ್ತು ತಿನ್ಬೇಡಿ, ಪ್ಲೀಸ್.

ಹೋಗಿ, ನೋಡಿ, ಫೋಟೋ ತೆಗೀರಿ. ಜಿಲ್ಲೆ ಹೆಸರು ಹಾಕಿ, ಪಿನ್ ಬೇಡ. ರುಚಿ ನೋಡ್ಬೇಕಾ? ಹುಡುಕಿ ತಂದವರ ಹತ್ರಾನೇ ದುಡ್ಡು ಕೊಟ್ಟು ತಗೊಳ್ಳಿ. ನಮಗೆ ಅದು ಒಂದು ಪೋಸ್ಟ್, ಅವರಿಗೆ ಆ ವರ್ಷದ ಸಂಪಾದನೆ.

ಒಪ್ಪಲ್ವಾ? ಕಾಮೆಂಟಲ್ಲಿ ಬನ್ನಿ, ಜಗಳ ಆಡೋಣ. 🍄

#ಕಾಡಿನಡೈರಿ #ಗುಚ್ಚಿ #ಪಿನ್‌ಬೇಡ