ಹೊಸ ನೀರಿನ ಮೀನಿಗೆ ದಾರಿ ಬಿಡಬೇಕು

ಕಲಬುರಗಿ ನಗರದಿಂದ ಹುಮನಾಬಾದಿನ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗುವವರು ಕುರಿಕೋಟಾದ ಬಳಿ ಬೆಣ್ಣೆತೊರಾ ನದಿಯನ್ನು ದಾಟುತ್ತಾರೆ. ಬೇಸಿಗೆಯಲ್ಲಿ ತಗ್ಗಿಹೋದ ಈ ನದಿಗೆ ಮೃಗಶಿರಾ, ಆರಿದ್ರಾ ಮಳೆಗಳು ಕೂಡಿಬಂದ ವರ್ಷ ಹಳ್ಳಕೊಳ್ಳಗಳಿಂದ ಮಣ್ಣು ಕಲಸಿದ ಹೊಸ ನೀರು ನುಗ್ಗುತ್ತದೆ. ಆ ನೀರಿನ ವಾಸನೆ ಹಿಡಿದ ಮೀನುಗಳು ಮಡುಗಳನ್ನು ಬಿಟ್ಟು ಪ್ರವಾಹಕ್ಕೆ ಎದುರಾಗಿ ಈಜತೊಡಗುತ್ತವೆ. ಅವುಗಳ ಗುರಿ ಮೇಲಿನ ಹಳ್ಳಗಳು, ನೀರು ನಿಂತ ಹೊಲದಂಚುಗಳು. ಅವುಗಳ ಹೊಟ್ಟೆಯ ತುಂಬ ತತ್ತಿ.

ಮಲೆನಾಡಿನ ಓದುಗರಿಗೆ ಈ ದೃಶ್ಯ ಹೊಸದಲ್ಲ. ಅಲ್ಲಿ ಇದಕ್ಕೆ ‘ಹತ್ತುಮೀನು’ ಎಂಬ ಹೆಸರೇ ಇದೆ. ಮೊದಲ ಮಳೆಯ ರಾತ್ರಿ ದೀಪ, ಬಲೆ, ಕೂಣಿ, ಕತ್ತಿ ಹಿಡಿದು ಗದ್ದೆಯಂಚಿಗೆ ಹೊರಡುವುದು ಅನೇಕ ಊರುಗಳಲ್ಲಿ ಹಬ್ಬದಷ್ಟೇ ಸಹಜವಾಗಿದೆ. ಬಯಲುಸೀಮೆಯ ಕರಿಮಣ್ಣಿನ ಹಳ್ಳವಾಗಲಿ, ಸಹ್ಯಾದ್ರಿಯ ಕಲ್ಲುತೊರೆಯಾಗಲಿ, ಮೀನಿನ ಧರ್ಮ ಒಂದೇ. ಅದನ್ನು ಹಿಡಿಯುವವರ ಆತುರವೂ ಒಂದೇ. ಹಾಗೆಯೇ ಅದರಿಂದಾಗುವ ನಷ್ಟವೂ ಒಂದೇ.

ಆ ನಷ್ಟದ ಲೆಕ್ಕವನ್ನು ಸರಳವಾಗಿ ತಿಳಿಯಬಹುದು. ಗೆಂಡೆ ಜಾತಿಯ ದೊಡ್ಡ ಮೀನುಗಳಲ್ಲಿ ಹೆಣ್ಣುಮೀನಿನ ಪ್ರತಿ ಕಿಲೋ ತೂಕಕ್ಕೆ ಸುಮಾರು 1ರಿಂದ 2 ಲಕ್ಷ ತತ್ತಿಗಳಿರುತ್ತವೆ. ನೀರಿಗೆ ಬಿದ್ದ ತತ್ತಿ ಒಂದು ದಿನ ತುಂಬುವುದರೊಳಗೆ ಒಡೆದು ಮರಿಯಾಗುತ್ತದೆ. ಅವುಗಳಲ್ಲಿ ಬದುಕಿ ಬೆಳೆಯುವವು ಕೆಲವೇ ಎಂಬುದು ನಿಜ. ಆದರೆ ತಾಯಿಯೇ ಬಲೆಗೆ ಬಿದ್ದರೆ ಆ ಕೆಲವೂ ಇಲ್ಲ. ಮೂರು ತಿಂಗಳ ನಂತರ ಹಿಡಿದಿದ್ದರೆ ಅದೇ ಮೀನು ಊಟಕ್ಕೂ ಒದಗುತ್ತಿತ್ತು, ನದಿಗೆ ಸಂತಾನವನ್ನೂ ಕೊಟ್ಟಿರುತ್ತಿತ್ತು. ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಅಲ್ಲಿನ ರೈತ ಗೊನೆ ಕಡಿಯುವಾಗ ಮುಂದಿನ ಬೆಳೆಯ ಕಂದನ್ನು ಕಡಿಯುವುದಿಲ್ಲ. ತೋಟದಲ್ಲಿ ಪಾಲಿಸುವ ಈ ವಿವೇಕ ಹಳ್ಳದ ದಂಡೆಯಲ್ಲಿ ಮಾತ್ರ ಮರೆತುಹೋಗುವುದೇಕೆ?

‘ಜಲಾಶಯಗಳಿಗೆ ವರ್ಷವರ್ಷವೂ ಮೀನುಮರಿ ಬಿಡುತ್ತಾರಲ್ಲ’ ಎಂಬ ಸಮಾಧಾನ ಹೇಳುವವರಿದ್ದಾರೆ. ಈ ಮಾತು ಅರ್ಧ ಸತ್ಯ. ಹಾಗೆ ಬಿಡುವ ಮರಿಗಳು ಬಹುಮಟ್ಟಿಗೆ ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಜಾತಿಯವು. ಅವು ಮೂಲತಃ ಗಂಗೆಯ ಸೀಮೆಯಿಂದ ಬಂದವು, ಕೃಷ್ಣೆ-ಭೀಮೆಯರ ಮಕ್ಕಳಲ್ಲ. ನಿಂತ ನೀರಿನಲ್ಲಿ ಅವು ತಾವಾಗಿ ತತ್ತಿಯಿಡುವುದೂ ಇಲ್ಲ. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಞ್ಞಿ ಅವರು ಗ್ರಂಥಿರಸದ ಚುಚ್ಚುಮದ್ದು ಕೊಟ್ಟು ಗೆಂಡೆಮೀನುಗಳಿಂದ ತತ್ತಿ ಇಡಿಸಿದ ಮೇಲೆಯೇ ಮರಿ ಉತ್ಪಾದನಾ ಕೇಂದ್ರಗಳು ಬೆಳೆದವು. ಮನುಷ್ಯನು ಸೂಜಿಯಿಂದ ಮಾಡಿಸುವ ಈ ಕೆಲಸವನ್ನು ಮೊದಲ ಪ್ರವಾಹವು ಖರ್ಚಿಲ್ಲದೆ ಮಾಡುತ್ತದೆ. ಹಳ್ಳದ ಸಣ್ಣ ಗೆಂಡೆ, ಹಾವುಮೀನು, ಮರಿಗಳನ್ನು ಬೆನ್ನಹಿಂದೆ ಕಾಯುವ ಕೊರವ ಮುಂತಾದ ನಾಡಮೀನುಗಳಿಗೆ ಅಂಥ ಸರಕಾರಿ ತೊಟ್ಟಿಲು ಇಲ್ಲ. ಅವುಗಳಿಗೆ ಹೊಸ ನೀರೇ ಹೆರಿಗೆಮನೆ.

ದೂರದ ದೇಶಗಳೂ ಈ ಪಾಠವನ್ನು ತಡವಾಗಿಯೇ ಕಲಿತವು. ಸ್ಕಾಟ್ಲೆಂಡಿನ ಸಾಲ್ಮನ್ ಸಮುದ್ರದಲ್ಲಿ ಬೆಳೆದು ತತ್ತಿಯಿಡಲು ಹುಟ್ಟಿದ ನದಿಗೆ ಮರಳುವ ಮೀನು. ಅಲ್ಲಿನ ಟೇ ನದಿಯಲ್ಲಿ ಗಾಳ ಹಾಕುವ ಕಾಲ ಜನವರಿ 15ಕ್ಕೇ ಆರಂಭವಾಗುತ್ತದೆ. ಋತುವಿನ ಆರಂಭದಲ್ಲಿ, ಉಬ್ಬಿದ ತಣ್ಣೀರಿನಲ್ಲಿ ಬರುವ ಮೀನಿಗೆ ಬೇಟೆಗಾರರಲ್ಲಿ ಬಹಳ ಬೆಲೆ. ಆದರೆ ಅವುಗಳ ಸಂಖ್ಯೆ ಕುಸಿದ ಕಾರಣ, 2015ರಿಂದ ಏಪ್ರಿಲ್ 1ಕ್ಕೆ ಮೊದಲು ಹಿಡಿದ ಪ್ರತಿಯೊಂದು ಸಾಲ್ಮನ್ನನ್ನೂ ನದಿಗೇ ಮರಳಿ ಬಿಡಬೇಕೆಂಬ ಕಾನೂನು ಅಲ್ಲಿ ಬಂದಿದೆ. ನೆರೆಯ ಕೇರಳದಲ್ಲಿ ‘ಊತ್ತ’ ಎಂದು ಕರೆಯುವ ಹತ್ತುಮೀನಿನ ಬೇಟೆಯನ್ನು 2010ರ ಒಳನಾಡು ಮೀನುಗಾರಿಕೆ ಕಾಯ್ದೆಯಡಿ ನಿಷೇಧಿಸಲಾಗಿದೆ. ಕರ್ನಾಟಕದ ಕರಾವಳಿಯಲ್ಲಿಯೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಸಮುದ್ರದ ಮೀನಿಗೆ ಸಲ್ಲುವ ಈ ಬಿಡುವು ಬೆಣ್ಣೆತೊರೆಯ ಮೀನಿಗೂ ತುಂಗೆಯ ಮೀನಿಗೂ ಸಲ್ಲಬೇಡವೇ?

ಆದರೆ ನಿಷೇಧದ ಹೊರೆಯನ್ನೆಲ್ಲ ಬಡ ಮೀನುಗಾರನ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ನದಿಯನ್ನೇ ನಂಬಿದ ಅಂಬಿಗರ ಮನೆಗಳಿಗೆ ಮಳೆಗಾಲದ ಆರಂಭ ಕೈ ಬರಿದಾಗಿರುವ ಕಾಲ. ಸಂಜೆಯ ಒಂದು ಬುಟ್ಟಿ ಮೀನು ಅಲ್ಲಿ ಮಕ್ಕಳ ಅನ್ನದ ಪ್ರಶ್ನೆ. ಕಡಲ ಮೀನುಗಾರರಿಗೆ ನಿಷೇಧದ ತಿಂಗಳುಗಳಲ್ಲಿ ಉಳಿತಾಯ-ಪರಿಹಾರ ಯೋಜನೆಯ ನೆರವುಂಟು. ಅಂಥ ನೆರವು ಒಳನಾಡಿನ ಕಸುಬುದಾರರ ಕೈಗೂ ಹೊತ್ತಿಗೆ ಸರಿಯಾಗಿ ತಲುಪಿದರೆ ಮಾತ್ರ ಅವರಿಂದ ಸಂಯಮವನ್ನು ಕೇಳುವ ನೈತಿಕ ಹಕ್ಕು ಸಮಾಜಕ್ಕೆ ಬರುತ್ತದೆ. ಹೊಟ್ಟೆಪಾಡಿನ ಬಲೆಯನ್ನೂ ಮೋಜಿನ ಬೇಟೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಇನ್ನು ಸಿಡಿಮದ್ದು, ವಿಷಗಳ ಮಾತು ಬೇರೆ. ಅವನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಸಾರಿದೆ.

ಮೀನಿನ ದಾರಿಗೆ ಅಡ್ಡವಾಗಿರುವುದು ಬಲೆಯೊಂದೇ ಅಲ್ಲ. ಹೇರೂರಿನ ಬಳಿ ಬೆಣ್ಣೆತೊರೆಗೆ ಅಣೆಕಟ್ಟು ನಿಂತಿದೆ. ಕೆಳಗಿನಿಂದ ಏರಿಬರುವ ಮೀನಿಗೆ ಅದು ದಾಟಲಾಗದ ಗೋಡೆ. ಇಂಥ ಗೋಡೆಗಳ ಬುಡದಲ್ಲಿ ದಿಕ್ಕುತಪ್ಪಿ ಗುಂಪುಗೂಡುವ ಮೀನನ್ನು ಹಿಡಿಯುವುದು ಅತಿ ಸುಲಭ. ಆದ್ದರಿಂದ ಅಣೆಕಟ್ಟಿನ ಕೆಳಗಿನ ಮಡುಗಳನ್ನು ಮಳೆಗಾಲದ ಆರಂಭದಲ್ಲಿಯಾದರೂ ಬೇಟೆಯಿಂದ ಮುಕ್ತಗೊಳಿಸಬೇಕು. ಕಲಬುರಗಿ ನಗರ ಕುಡಿಯುವ ನೀರಿಗೆ ಭೀಮೆಯೊಂದಿಗೆ ಈ ತೊರೆಯನ್ನೂ ಆಶ್ರಯಿಸಿದೆ. ನದಿಯ ನೀರು ಕುಡಿಯುವ ನಗರಕ್ಕೆ ನದಿಯ ಜೀವದ ಹೊಣೆಯೂ ಇದೆ. ಜೂನ್-ಜುಲೈಗಳಲ್ಲಿ ತತ್ತಿ ತುಂಬಿದ ನದಿಮೀನನ್ನು ಕೊಳ್ಳದಿರುವುದು ನಗರವಾಸಿಯಿಂದ ಆಗಬಹುದಾದ ಮೊದಲ ಕೆಲಸ.

ಹಳ್ಳಿಗಳಲ್ಲಿಯೂ ಮಾಡುವುದಕ್ಕೆ ಕೆಲಸವಿದೆ. ಶೃಂಗೇರಿಯಲ್ಲಿ, ತೀರ್ಥಹಳ್ಳಿಯ ಛಿಬ್ಬಲಗುಡ್ಡೆಯಲ್ಲಿ, ಶಿಶಿಲದಲ್ಲಿ ದೇವರ ಹೆಸರಿನಲ್ಲಿ ಮೀನನ್ನು ಕಾಯ್ದ ಪರಂಪರೆ ಇನ್ನೂ ಉಳಿದಿದೆ. ಮಡುವೊಂದನ್ನು ವರ್ಷವಿಡೀ ಕಾಯಬಲ್ಲ ಜನರಿಗೆ ಹಳ್ಳವೊಂದನ್ನು ಕೆಲವು ವಾರ ಕಾಯುವುದು ಅಸಾಧ್ಯವೇನಲ್ಲ. ಮೇ ತಿಂಗಳಲ್ಲಿಯೇ ಗ್ರಾಮಸಭೆ ಸೇರಿ, ಮೀನುಗಾರರನ್ನು ಮುಂದೆ ಕೂರಿಸಿಕೊಂಡು, ಯಾವ ಹಳ್ಳಕ್ಕೆ ಎಷ್ಟು ದಿನ ಬಲೆ ಬೇಡವೆಂದು ನಿರ್ಧರಿಸಬಹುದು. ಹೊಸ ನೀರು ಬಂದ ದಿನ, ಏರಿದ ಮೀನಿನ ಜಾತಿ, ಅದರ ಊರಹೆಸರು ಇವನ್ನು ಶಾಲೆಯ ವಿದ್ಯಾರ್ಥಿಗಳು ಪ್ರತಿ ವರ್ಷ ಬರೆದಿಡಬಹುದು. ಐದು ವರ್ಷಗಳ ಅಂಥ ಪುಸ್ತಕವೊಂದು ಕೈಯಲ್ಲಿದ್ದರೆ ಇಲಾಖೆಯ ಮುಂದೆ ಊರಿನ ಮಾತಿಗೆ ತೂಕ ಬರುತ್ತದೆ. ಮುಂದಿನ ಮೃಗಶಿರಾ ಮಳೆಗೆ ಮೊದಲೇ ಈ ಕೆಲಸ ಆರಂಭವಾಗಲಿ.